ಪದ ಬೇಕು: ಗುಡಿಯಲ್ಲಿ ಕೂರುವ ನರ್ಸಿಗೆ ಏನನ್ನೋಣ?

ಗೆಳೆಯರೇ, ಶಿಕಾಗೊ ಹತ್ತಿರದ ನಮ್ಮ ಗುಡಿಗೆ ಭಾನುವಾರದೊಳಗೆ ಒಂದು ಬೋರ್ಡು ಬರೆಯಬೇಕು. ಇಲ್ಲಿ 'ಪ್ಯಾರಿಷ್ ನರ್ಸ್', ಅಂದರೆ ಚರ್ಚಿನ ನರ್ಸ್, ಅಂತ ಒಂದು ಕೆಲಸವಿದೆ. ಗ್ರೇಂಜರ್ ವೆಸ್ಟ್‌ಬರ್ಗ್ ಎಂಬ ಲೂಥರನ್ ಪಾದ್ರಿ 1980ರ ದಶಕದಲ್ಲಿ ಇಲ್ಲೇ ಸುತ್ತಲಿನ ಆರು ಚರ್ಚುಗಳಲ್ಲಿ ಶುರು ಮಾಡಿದ್ದು. ಬೇರೆ ಧರ್ಮದವರೂ ಸೇರಿದ ಮೇಲೆ, 2005ರಲ್ಲಿ, ಅಮೆರಿಕದ ನರ್ಸುಗಳ ಸಂಘ ಇದನ್ನು 'ಫೇಯ್ತ್ ಕಮ್ಯೂನಿಟಿ ನರ್ಸಿಂಗ್', ಅಂದರೆ ಧರ್ಮ ಸಮುದಾಯದ ನರ್ಸಿಂಗ್, ಅಂತ ಕರೆಯಿತು. ಓದಿ ರಿಜಿಸ್ಟರ್ ಆದ ನರ್ಸೇ, ಆದರೆ ಇಂಜೆಕ್ಷನ್ ಚುಚ್ಚುವುದಿಲ್ಲ. ಬಿಪಿ ನೋಡುತ್ತಾರೆ, ಕೂತು ಮಾತಾಡಿಸುತ್ತಾರೆ, ಬೇಕಾದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ.

ಹೋದ ವಾರ ಮೈಸೂರಿಂದ ಮಗನ ಮನೆಗೆ ಬಂದ ಅಜ್ಜಿಯೊಬ್ಬರು ನಮ್ಮ ಗುಡಿಯ ನರ್ಸ್ ಮೇಜಿನ ಮೇಲೆ ಮಾತ್ರೆ ಚೀಲ ಸುರಿದರು. ಊರಿಂದ ತಂದದ್ದು, ಇಲ್ಲಿ ಬರೆದುಕೊಟ್ಟದ್ದು, ಎರಡೂ ಒಂದೇ ಬಿಪಿ ಮಾತ್ರೆ. ಕಂಪನಿ ಹೆಸರು ಮಾತ್ರ ಬೇರೆ. ಅಜ್ಜಿ ಎರಡನ್ನೂ ನುಂಗ್ತಾ ಇದ್ದರು! ಇದನ್ನು ಹಿಡಿದವರಿಗೆ ಕನ್ನಡದಲ್ಲಿ ಏನನ್ನೋಣ?

ಬೆಂಗಳೂರಿಂದ: ದಾದಿ. ಇರೋ ಪದ ಬಿಟ್ಟು ಹುಡುಕೋದ್ಯಾಕೆ? 'ಧಾತ್ರಿ'ಯ ತದ್ಭವ.

ಮೈಸೂರಿಂದ: ಧಾತ್ರಿ ಅಂದರೆ ಹಾಲೂಡಿಸುವವಳು ಸ್ವಾಮಿ. ಅಜ್ಜಿಗೆ ಯಾರು ಹಾಲೂಡಿಸಬೇಕು? 'ಶುಶ್ರೂಷಕಿ' ಅನ್ನಿ. 'ಶ್ರು' ಧಾತು, ಕೇಳಬೇಕೆಂಬ ಆಸೆ ಅಂತ ಮೂಲಾರ್ಥ. ಇವರ ಕೆಲಸವೂ ಕೂತು ಕೇಳೋದೇ ಅಲ್ವಾ?

ಧಾರವಾಡದಿಂದ: ಮತ್ತೆ ಸಂಸ್ಕೃತ. 'ಆರೈ' ನಮ್ಮದೇ ಧಾತು. ಸೂಲಗಿತ್ತಿ ಇರುವಾಗ ಆರೈಕೆಗಿತ್ತಿ ಯಾಕಾಗಬಾರದು?

ಮೈಸೂರಿಂದ: ಕಿವಿಗೆ ಹಿತವಿಲ್ಲ.

ಮಂಗಳೂರಿಂದ: ಸುಮ್ನೆ ಜಗಳ. ಹಳ್ಳಿಯವರು 'ನರ್ಸಮ್ಮ' ಅಂತ ಎಂದೋ ಕನ್ನಡ ಮಾಡಿ ಮುಗಿಸಿದ್ದಾರೆ. ಬಸ್ಸು, ಪೆನ್ನು, ಬೋರ್ಡು ಬಿಡ್ತೀರಾ? 'ಗುಡಿ ನರ್ಸಮ್ಮ', ಅಷ್ಟೇ.

ಧಾರವಾಡದಿಂದ: ಬಸ್ಸು ಬಂದದ್ದು ಬೇರೆ ಪದ ಇಲ್ಲದ್ದಕ್ಕೆ. ಇದಕ್ಕೆ ಇದೆ. ಇದ್ದೂ ಸಾಲ ಮಾಡೋದು ಸೋಮಾರಿತನ.

ಶಿಕಾಗೊದಿಂದ: ಒಂದು ಹೇಳೋದು ಮರೆತೆ. ಎರಡನೇ ಭಾನುವಾರ ಕೂರುವವರು ಗಂಡಸು. ದಾದಿ, ಗಿತ್ತಿ, ಅಮ್ಮ ಎಲ್ಲ ಹೋದವು. 'ಶುಶ್ರೂಷಕ' ಅಂದರೆ ನಮ್ಮ ಅಜ್ಜಿಯರು ಪುರೋಹಿತರು ಅಂದುಕೊಂಡಾರು. 'ಗುಡಿ ನರ್ಸ್' ಅಂತಲೇ ಬರೆಸ್ತೀನಿ. ಕೆಳಗೆ 'ನಿಮ್ಮ ಮಾತ್ರೆ ಚೀಲ ತನ್ನಿ'.

ಧಾರವಾಡದಿಂದ: 'ಮಾತ್ರೆ' ಸಂಸ್ಕೃತ. 'ಗುಳಿಗೆ' ಅನ್ನಿ.

ಮೈಸೂರಿಂದ: ಗುಳಿಗೆಯೂ 'ಗುಲಿಕಾ'ದಿಂದಲೇ ಬಂದದ್ದು.