ಅಪ್ಪನಿಗೆ ಕಲ್ಲು, ಮಗನಿಗೆ ನೀರು: ಗೋವಾದಲ್ಲಿ ಯಾವ ದ್ವೀಪಕ್ಕೆ ಹೋಗಲಿ?

ಕೇಳಿದವರು, ವಾಸ್ಕೋ

ಎಲ್ಲರಿಗೂ ನಮಸ್ಕಾರ. ನಾವು ವಾಸ್ಕೋದಲ್ಲಿ ನೆಲೆಸಿ ಹನ್ನೊಂದು ವರ್ಷ ಆಯಿತು. ಊರಿನಿಂದ ಯಾರೇ ಬಂದರೂ ಅದೇ ಹಳೇ ಗೋವಾ ಚರ್ಚು, ಅದೇ ಕಲಂಗುಟ್ ಬೀಚು ತೋರಿಸಿ ಕಳಿಸುತ್ತೇವೆ. ಈ ಸಲ ಡಿಸೆಂಬರ್‌ನಲ್ಲಿ ಧಾರವಾಡದಿಂದ ಅಪ್ಪ, ಅವ್ವ ಬರುತ್ತಿದ್ದಾರೆ. ಅಪ್ಪನಿಗೆ 70. ನಿವೃತ್ತ ಇತಿಹಾಸದ ಮಾಸ್ತರು. ಶಾಸನ, ವೀರಗಲ್ಲು ಕಂಡರೆ ಊಟ ಮರೆಯುತ್ತಾರೆ. ಅವ್ವನಿಗೆ ಬಿಸಿಲು ಆಗುವುದಿಲ್ಲ, ಮೀನಿನ ವಾಸನೆಯೂ ಆಗುವುದಿಲ್ಲ. ಮಗನಿಗೆ 14, ಅವನಿಗೆ ಸ್ಕೂಬಾ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು) ಬೇಕು, ಅದೂ ದ್ವೀಪದಲ್ಲೇ ಆಗಬೇಕು. ಇರುವುದು ಮೂರು ದಿನ. ನಾಲ್ಕನೆಯ ದಿನ ಬೆಳಿಗ್ಗೆ ಮಗನನ್ನೂ ರಜೆಗೆ ಕರೆದುಕೊಂಡು ಅವರು ಧಾರವಾಡಕ್ಕೆ ವಾಪಸ್. ಬೀಚು, ನೀರಿನಾಟ, ಹಳೇ ಇತಿಹಾಸ ಮೂರೂ ಒಟ್ಟಿಗೆ ಸಿಗುವ ದ್ವೀಪ ಇಲ್ಲಿ ಇದೆಯಾ? ಹೋಗಿ ಬಂದವರು ಹೇಳಿ.

ಬೈನಾದವರು

ಸ್ಕೂಬಾ ಅಂದರೆ ನಿಮ್ಮ ಮನೆಯ ಮುಂದಿನ ಸಮುದ್ರದಲ್ಲೇ ಇದೆಯಲ್ಲ ರೀ, ಗ್ರಾಂಡೆ ದ್ವೀಪ. ನಾನು ಎರಡು ಸಲ ಹೋಗಿದ್ದೇನೆ. ಒಂದು ಸಲ ಮೋಸ ಹೋದೆ, ಒಂದು ಸಲ ಚೆನ್ನಾಗಿತ್ತು.

ಮೊದಲ ಸಲ ಉತ್ತರ ಗೋವಾದ ಒಂದು ಬೀಚಿನಿಂದ ದೋಣಿ ಹಿಡಿದೆವು. ಕಡಿಮೆ ರೇಟು, ಊಟವೂ ಸೇರಿ. ದೋಣಿ ತುಂಬ ಜನ, ಕಿವಿ ಒಡೆಯುವ ಹಾಡು. ಅಲ್ಲಿಗೆ ತಲುಪುವುದರಲ್ಲೇ ಅರ್ಧ ಬೆಳಗು ಮುಗಿಯಿತು. ಸ್ಕೂಬಾ ಎಂದು ದುಡ್ಡು ತೆಗೆದುಕೊಂಡು ನೀರಿನ ಕೆಳಗೆ ಇಟ್ಟಿದ್ದು ಎಂಟು ನಿಮಿಷ. ಅದರಲ್ಲಿ ಐದು ನಿಮಿಷ ಫೋಟೋ. ಹೆಸರು ಬೇಡ ಬಿಡಿ.

ಎರಡನೆಯ ಸಲ ಬೊಗ್ಮಾಲೊ ಕಡೆಯಿಂದ ಹೋದೆವು. ದಾರಿ ಹತ್ತಿರ, ದೋಣಿಯಲ್ಲಿ ಎಂಟೇ ಜನ. ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಂಡಿದ್ದೆ: ನೀರೊಳಗೆ ಎಷ್ಟು ನಿಮಿಷ, ಎಷ್ಟು ಆಳ, ಒಬ್ಬ ಕಲಿಸುವವರಿಗೆ ಎಷ್ಟು ಜನ, ಆರೋಗ್ಯದ ಫಾರ್ಮ್ ತುಂಬಿಸುತ್ತೀರಾ ಎಂದು. ಕೊನೆಯ ಪ್ರಶ್ನೆಗೆ ಯಾರು ನಕ್ಕು 'ಏನೂ ಬೇಡ ಸರ್, ಬನ್ನಿ' ಅನ್ನುತ್ತಾರೋ ಅವರ ಹತ್ತಿರ ಹೋಗಬೇಡಿ. ಈಜು ಬರದಿದ್ದರೂ ನಡೆಯುತ್ತದೆ, ಕಲಿಸುವವರು ಕೈ ಬಿಡುವುದಿಲ್ಲ.

ಆದರೆ ದ್ವೀಪದ ಮೇಲೆ ಅಡ್ಡಾಡುತ್ತೇವೆ ಎಂದು ಮಗ ಕನಸು ಕಂಡಿದ್ದರೆ ಈಗಲೇ ಹೇಳಿಬಿಡಿ. ದೋಣಿ ಪಕ್ಕದಲ್ಲಿ ಲಂಗರು ಹಾಕುತ್ತದೆ, ಆಟವೆಲ್ಲ ನೀರಿನಲ್ಲೇ. ನೀರೂ ಗಾಜಿನ ಹಾಗೆ ಇರುವುದಿಲ್ಲ. ಮಾಂಡವಿ, ಜುವಾರಿ ಎರಡೂ ನದಿ ಅಲ್ಲೇ ಹತ್ತಿರ ಸಮುದ್ರ ಸೇರುತ್ತವೆ, ಮಣ್ಣು ತಂದು ಹಾಕುತ್ತವೆ. ಕೆಲವು ದಿನ ಐದಾರು ಮೀಟರ್ ಕಾಣುತ್ತದೆ, ಕೆಲವು ದಿನ ಚಾಚಿದ ಕೈಯ ಬೆರಳು ಕಂಡರೆ ಪುಣ್ಯ.

ಅಪ್ಪಾರಿಗೆ ಒಂದು ಕತೆ ಕೊಡುತ್ತೇನೆ. ಮುರಗಾಂವ್ ಬಂದರು ಕಾಣುವ ಕಡೆ ನಿಲ್ಲಿಸಿ ಹೇಳಿ. ಎರಡನೇ ಮಹಾಯುದ್ಧದಲ್ಲಿ ಪೋರ್ಚುಗಲ್ ಯಾರ ಕಡೆಗೂ ಇರಲಿಲ್ಲ. ಹಾಗಾಗಿ ಜರ್ಮನ್ ಹಡಗುಗಳು ಈ ಬಂದರಿನಲ್ಲಿ ಬಂದು ಅಡಗಿದ್ದವು. ಅದರಲ್ಲಿ 'ಎಹ್ರೆನ್‌ಫೆಲ್ಸ್' ಎಂಬ ಹಡಗಿನಿಂದ ರೇಡಿಯೊದಲ್ಲಿ ಗುಟ್ಟಾಗಿ ಸುದ್ದಿ ಹೋಗುತ್ತಿತ್ತು. 1943ರ ಮಾರ್ಚ್‌ನಲ್ಲಿ ಬ್ರಿಟಿಷರು ಕಲ್ಕತ್ತಾದಿಂದ ಒಂದು ಹವ್ಯಾಸಿ ಪಡೆ ಕಳಿಸಿದರು. ಸೈನಿಕರಲ್ಲ, ನಡುವಯಸ್ಸಿನ ವ್ಯಾಪಾರಿಗಳು, ಕಚೇರಿಯವರು! ಅವರು ರಾತ್ರಿ ಹಡಗು ಹತ್ತುತ್ತಿದ್ದಂತೆ ಜರ್ಮನರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ನಾವು ದಿನಾ ಬಸ್ಸಿನಲ್ಲಿ ನೋಡುತ್ತಾ ಹೋಗುವ ನೀರಿನಲ್ಲಿ!

ಮಡಗಾಂವ್‌ನಿಂದ

ಸ್ಕೂಬಾಕ್ಕೆ ಗೋವಾ ಯಾಕೆ? ನಮ್ಮ ನೇತ್ರಾಣಿಗೆ ಹೋಗಿ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗೆ. ಪಕ್ಕದಲ್ಲಿ ದೊಡ್ಡ ನದಿ ಬಾಯಿ ಇಲ್ಲ, ನೀರು ತಿಳಿ, ಮೀನು ಹಿಂಡು ಹಿಂಡು. ಮಡಗಾಂವ್‌ನಿಂದ ಕೊಂಕಣ ರೈಲು ಹತ್ತಿದರೆ ಆಯಿತು. ಅಜ್ಜ ಅಜ್ಜಿ ದೇವಸ್ಥಾನದಲ್ಲಿ ಇರಲಿ. ನನ್ನ ಮಗಳು ಅಲ್ಲಿ ನೋಡಿದ ಮೇಲೆ ಗ್ರಾಂಡೆ ಎಂದರೆ ಮೂಗು ಮುರಿಯುತ್ತಾಳೆ. ಹೋಗುವಾಗ ಪೂರ್ತಿ ವಾಂತಿ ಮಾಡಿಕೊಂಡಳು, ಅದೂ ನಿಜ.

ಬೈನಾದವರು

ನೇತ್ರಾಣಿ ಚೆನ್ನಾಗಿದೆ, ಒಪ್ಪಿದೆ. ಆದರೆ ಅವರಿಗೆ ಇರುವುದು ಮೂರೇ ದಿನ ಅಲ್ವಾ? ಹೋಗಿ, ಉಳಿದು, ಬಂದರೆ ಎರಡು ದಿನ ಅಲ್ಲೇ ಕಳೆಯುತ್ತದೆ.

ಪೋಂಡಾದಿಂದ, ಆಸ್ಪತ್ರೆಯಲ್ಲಿ ನರ್ಸ್

ಅಕ್ಕ, ಒಂದು ಮಾತು ಯಾರೂ ಹೇಳಲಿಲ್ಲ. ಸ್ಕೂಬಾ ಕೊನೆಯ ದಿನಕ್ಕೆ ಇಡಬೇಡಿ, ಮೊದಲ ದಿನಕ್ಕೆ ಇಡಿ. ನೀರಿನ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಕರಗಿ ಕೂತಿರುತ್ತದೆ. ನಿಧಾನಕ್ಕೆ ಹೊರಗೆ ಹೋಗಬೇಕು. ಕೂಡಲೇ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು. ವಿಮಾನಕ್ಕೆ 18 ಗಂಟೆ ಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಘಟ್ಟದ ಬಗ್ಗೆ ಯಾರೂ ಹೇಳುವುದಿಲ್ಲ, ಯಾಕೆಂದರೆ ಬರುವವರೆಲ್ಲ ವಿಮಾನದವರೇ ಅಂದುಕೊಂಡಿರುತ್ತಾರೆ. ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರ್‌ಗೂ ಮೇಲಿದೆ. ಹುಡುಗರು ಇಳಿಯುವುದು ಐದಾರು ಮೀಟರ್, ಅಪಾಯ ಕಡಿಮೆಯೇ. ಆದರೂ ಒಂದು ರಾತ್ರಿ ಬಿಟ್ಟು ಘಟ್ಟ ಹತ್ತಿದರೆ ಏನು ನಷ್ಟ?

ನೆಗಡಿ ಇದ್ದರೆ ಇಳಿಸಲೇಬೇಡಿ. ಕೆಳಗೆ ಹೋಗುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ಮೂಗು ಕಟ್ಟಿದ್ದರೆ ಅದು ಆಗುವುದಿಲ್ಲ, ಕಿವಿ ತಮಟೆಗೆ ಪೆಟ್ಟು. ಉಬ್ಬಸ ಇದ್ದರೆ ಡಾಕ್ಟರನ್ನು ಕೇಳಿಯೇ ಹೋಗಿ. ನನ್ನ ತಮ್ಮ ನೆಗಡಿ ಮುಚ್ಚಿಟ್ಟು ಇಳಿದ, ಒಂದು ವಾರ ಕಿವಿ ಹಿಡಿದುಕೊಂಡು ಕೂತಿದ್ದ.

ಪಣಜಿಯಿಂದ

ಎಲ್ಲರೂ ಹುಡುಗನ ಬಗ್ಗೆಯೇ ಮಾತಾಡಿದಿರಿ. ನಾನು ಮಾಸ್ತರ ಪಕ್ಷ.

ಮೊದಲು ಒಂದು ತಮಾಷೆ. ಪಣಜಿಗೆ ಬಂದು ನಿಂತರೆ ಮಗನ ಹಟ ಈಡೇರಿತು. ಉತ್ತರಕ್ಕೆ ಮಾಂಡವಿ, ದಕ್ಷಿಣಕ್ಕೆ ಜುವಾರಿ, ಎರಡನ್ನೂ ಸೇರಿಸುವ ಕುಂಬಾರ್ಜುವಾ ಕಾಲುವೆ, ಮುಂದೆ ಸಮುದ್ರ. ತಿಸ್ವಾಡಿ ತಾಲ್ಲೂಕೇ ಒಂದು ದ್ವೀಪ. ಹಳೇ ಗೋವಾ ಕೂಡ ಅದರ ಮೇಲೇ ಇದೆ.

ಆದರೆ ನಾನು ಹೇಳುವುದು ದಿವಾರ್. ಕೊಂಕಣಿಯವರು ದಿವಾಡಿ ಎನ್ನುತ್ತಾರೆ. ಹಳೇ ಗೋವಾದ ಹತ್ತಿರ ವೈಸ್‌ರಾಯ್ ಕಮಾನು ದಾಟಿ ಕೆಳಗೆ ಇಳಿದರೆ ಫೆರಿ. ನಡೆದು ಹತ್ತುವವರಿಗೆ ದುಡ್ಡಿಲ್ಲ. ನಾಲ್ಕೈದು ನಿಮಿಷದಲ್ಲಿ ಆಚೆ ದಡ. ಅಲ್ಲಿ ಬೀಚು ಇಲ್ಲ, ಜೆಟ್ ಸ್ಕೀ ಇಲ್ಲ, ಈಗಲೇ ಹೇಳಿದೆ. ಇರುವುದು ಖಾಜಣ್ ಗದ್ದೆ. ನಮ್ಮ ಕುಮಟಾ, ಅಂಕೋಲಾ ಕಡೆ ಗಜನಿ ಎನ್ನುತ್ತೇವಲ್ಲ, ಉಪ್ಪುನೀರಿಗೆ ಒಡ್ಡು ಕಟ್ಟಿ ಭತ್ತ ಬೆಳೆಯುವುದು, ಅದೇ. ನಡುವೆ ಕಿರಿದಾದ ರಸ್ತೆ, ಬೆಳ್ಳಕ್ಕಿ, ಹಳೇ ಮನೆಗಳು.

ಅಪ್ಪನವರು ಕದಂಬರ ಹಲಸಿ ನೋಡಿಯೇ ಇರುತ್ತಾರೆ. ಕಿತ್ತೂರು ಹತ್ತಿರದ ದೇಗಾಂವ್‌ನ ಕಮಲ ನಾರಾಯಣ ಗುಡಿಯನ್ನೂ ನೋಡಿರುತ್ತಾರೆ. ಆ ಗುಡಿ ಕಟ್ಟಿಸಿದ ಕಮಲಾದೇವಿ ಗೋವಾ ಕದಂಬರ ರಾಣಿ, ಶಿವಚಿತ್ತ ಪೆರ್ಮಾಡಿಯ ಹೆಂಡತಿ. ಆ ಕದಂಬರ ಮನೆದೇವರು ಸಪ್ತಕೋಟೀಶ್ವರ, ಮತ್ತು ಆ ದೇವರು ಇದ್ದದ್ದು ಈ ದಿವಾರ್ ದ್ವೀಪದಲ್ಲಿ. ಅವರ ನಾಣ್ಯಗಳ ಮೇಲೂ ಸಪ್ತಕೋಟೀಶ್ವರನ ವರ ಪಡೆದವರು ಎಂಬ ಬಿರುದು ಇದೆ. ಬಹಮನಿ ಕಾಲದಲ್ಲಿ ಗುಡಿ ಬಿತ್ತು. 14ನೇ ಶತಮಾನದ ಕೊನೆಗೆ ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. ಪೋರ್ಚುಗೀಸರು ಮತ್ತೆ ಕೆಡವಿದರು. ಆಗ ಲಿಂಗವನ್ನು ಜನ ನದಿ ದಾಟಿಸಿ ಆಚೆ ದಡಕ್ಕೆ ಒಯ್ದರು ಎನ್ನುತ್ತಾರೆ. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದರು. ಮಜಾ ಏನೆಂದರೆ ದ್ವೀಪದಲ್ಲೂ ಒಂದು ನಾರ್ವೆ, ಆಚೆ ದಡದಲ್ಲೂ ಒಂದು ನಾರ್ವೆ. ದೇವರು ಹೊರಟಾಗ ಊರಿನ ಹೆಸರನ್ನೂ ಕಟ್ಟಿಕೊಂಡು ಹೋದ ಹಾಗೆ. ಎರಡರ ನಡುವೆ ಈಗಲೂ ಫೆರಿ ಇದೆ. ಸ್ವಂತ ಗಾಡಿ ತನ್ನಿ, ಆಟೋ ನಂಬಿ ಹೋಗಬೇಡಿ.

ದ್ವೀಪದ ನಡುವೆ ಗುಡ್ಡದ ಮೇಲೆ ಪಿಯೆದಾದ್ ಚರ್ಚ್. ಅದರ ಪಕ್ಕದ ಸಮಾಧಿ ಜಾಗದಲ್ಲಿ ಒಂದು ಪುಟ್ಟ ಚಾಪೆಲ್ ಇದೆ. ಒಳಗೆ ಹೋಗಿ ಕತ್ತೆತ್ತಿ ನೋಡಿ. ಕೆತ್ತಿದ ಛಾವಣಿ ಕದಂಬರ ಕಾಲದ ಗುಡಿಯದು ಎನ್ನುತ್ತಾರೆ. ನಾನು ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು. ಅದು ಅವರ ಹಿರಿಯರು ಮಲಗಿದ ಜಾಗ. ಯಾರಾದರೂ ಇದ್ದರೆ ಕೇಳಿಯೇ ಒಳಗೆ ಹೋಗಿ, ಜೋರಾಗಿ ಮಾತಾಡಬೇಡಿ.

ವಾಪಸ್ ಬಂದಾಗ ಹಳೇ ಗೋವಾದ ಪುರಾತತ್ವ ಮ್ಯೂಸಿಯಂ ಬಿಡಬೇಡಿ. ವೀರಗಲ್ಲುಗಳಿವೆ, ಹಡಗಿನ ಯುದ್ಧ ಕೆತ್ತಿದ ಕಲ್ಲೂ ಇದೆ. ನಮ್ಮ ಕಡೆ ಕುದುರೆ, ಆನೆ ನೋಡಿ ರೂಢಿಯಾದ ಕಣ್ಣಿಗೆ ಹಡಗು ಹೊಸದು. ಸೇಂಟ್ ಕ್ಯಾಜೆಟನ್ ಚರ್ಚ್ ಹತ್ತಿರ ಆದಿಲ್‌ಶಾಹಿ ಅರಮನೆಯ ಬಾಗಿಲ ಚೌಕಟ್ಟು ಮಾತ್ರ ಉಳಿದಿದೆ. 1510ರವರೆಗೆ ಈ ಊರು ವಿಜಯಪುರದ ಕೈಯಲ್ಲಿತ್ತು. ಅದನ್ನು ಗೆದ್ದ ಪೋರ್ಚುಗೀಸ್ ದಳಪತಿ ಆಲ್ಬುಕರ್ಕ್‌ನನ್ನು ಇಲ್ಲಿಗೆ ಕರೆತರಲು ಸಹಾಯ ಮಾಡಿದವನು ಹೊನ್ನಾವರದ ತಿಮ್ಮೋಜ. ಈ ವಿಷಯಕ್ಕೆ ನಾನೂ ನನ್ನ ಹೊನ್ನಾವರದ ಭಾವನೂ ಪ್ರತಿ ಗಣೇಶ ಚೌತಿಗೆ ಜಗಳ ಆಡುತ್ತೇವೆ. ಮ್ಯೂಸಿಯಂಗೆ ಶುಕ್ರವಾರ ರಜೆ, ನೆನಪಿಡಿ.

ಕೇಳಿದವರು, ವಾಸ್ಕೋ

ಸರ್, ಅಪ್ಪನಿಗೆ ಓದಿ ಹೇಳಿದೆ. ಫೋನಿನಲ್ಲೇ ಎದ್ದು ನಿಂತ ಹಾಗಿತ್ತು ಧ್ವನಿ. ಅಂಜದೀವ್‌ಗೂ ಹೋಗಬಹುದಾ ಎಂದು ಕೇಳುತ್ತಿದ್ದಾರೆ.

ಕಾರವಾರದವರು, ಈಗ ಕಾಣಕೋಣದಲ್ಲಿ

ಆಗುವುದಿಲ್ಲ. ಅಂಜದೀವ್ ಇರುವುದು ನಮ್ಮ ಕಾರವಾರದ ಮುಂದೆ, ಲೆಕ್ಕಕ್ಕೆ ಗೋವಾದ್ದು, ಈಗ ಐಎನ್‌ಎಸ್ ಕದಂಬ ನೌಕಾನೆಲೆಯ ಭಾಗ. 1961ರ ನವೆಂಬರ್‌ನಲ್ಲಿ ಅಲ್ಲಿಂದ ಪೋರ್ಚುಗೀಸರು ನಮ್ಮ 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿಸಿದ್ದರು. ಡಿಸೆಂಬರ್‌ನಲ್ಲಿ ದ್ವೀಪ ಹಿಡಿಯಲು ಹೋದವುಗಳಲ್ಲಿ ಐಎನ್‌ಎಸ್ ಮೈಸೂರು ಒಂದು. ದೂರದಿಂದ ಕೈ ಮುಗಿಯುವುದಷ್ಟೇ.

ಬೀಚಿಗೆ ಪಾಳೊಳೆಂಗೆ ಬನ್ನಿ. ಕೊಲ್ಲಿ ಹಾಗೆ ಬಾಗಿದೆ, ಅಲೆ ಕಡಿಮೆ, ತೆಂಗಿನ ನೆರಳಿದೆ, ಅಮ್ಮನವರು ಆರಾಮಾಗಿ ಕೂರಬಹುದು. ಉತ್ತರದ ತುದಿಯಲ್ಲಿ ಕಾಣಕೋಣ ದ್ವೀಪ ಇದೆ. ಕಯಾಕ್‌ನಲ್ಲಿ (ಹುಟ್ಟು ಹಾಕುವ ಪುಟ್ಟ ದೋಣಿ) ಹೋಗಬಹುದು, ನೀರು ಇಳಿದಾಗ ನಡೆದೂ ಹೋಗಬಹುದು. ನಡೆದು ಹೋಗುವುದಾದರೆ ಭರತ ಇಳಿತದ ಹೊತ್ತು ಅಲ್ಲಿನ ಮೀನುಗಾರರನ್ನು ಕೇಳಿ. ನಾವು ಕೇಳದೆ ಹೋದೆವು. ಬರುವಾಗ ಸೊಂಟದವರೆಗೆ ನೀರು, ತಲೆ ಮೇಲೆ ಚಪ್ಪಲಿ, ಹೆಂಡತಿ ಎರಡು ದಿನ ಮಾತು ಬಿಟ್ಟಳು. ಈಜುವುದಾದರೆ ಕೆಂಪು ಹಳದಿ ಬಾವುಟದ ನಡುವೆ ಮಾತ್ರ. ಬರೀ ಕೆಂಪು ಇದ್ದರೆ ಇಳಿಯಲೇಬೇಡಿ.

ಊಟದ ಚಿಂತೆ ಬೇಡ. ಮಿಕ್ಸ್ ಭಾಜಿ, ಪಾವ್ ಎಲ್ಲ ಕಡೆ ಸಿಗುತ್ತದೆ. ದಿವಾರ್‌ಗೆ ಮಾತ್ರ ಬುತ್ತಿ ಕಟ್ಟಿಕೊಳ್ಳಿ.

ಕೇಳಿದವರು, ವಾಸ್ಕೋ (ಜನವರಿ)

ಹೋಗಿ ಬಂದೆವು, ವರದಿ ಕೊಡದಿದ್ದರೆ ತಪ್ಪಾಗುತ್ತದೆ.

ನರ್ಸ್ ಅಕ್ಕ ಹೇಳಿದಂತೆ ಮೊದಲ ದಿನವೇ ಸ್ಕೂಬಾ, ಬೊಗ್ಮಾಲೊ ಕಡೆಯಿಂದ. ಇಪ್ಪತ್ತು ನಿಮಿಷ ಒಳಗಿದ್ದ. 'ಮೀನಿಗಿಂತ ಮಣ್ಣೇ ಜಾಸ್ತಿ' ಎಂದ. ಆದರೆ ದೋಣಿಯಿಂದ ಹಾರುವುದನ್ನು ಹತ್ತು ಸಲ ಮಾಡಿದ, ಅದೇ ಅವನ ಟ್ರಿಪ್. ಎರಡನೆಯ ದಿನ ಪಾಳೊಳೆಂ. ನಡೆಯಲಿಲ್ಲ, ಕಯಾಕ್‌ನಲ್ಲೇ ಹೋದೆವು, ಚಪ್ಪಲಿ ಕತೆ ನೆನಪಿತ್ತು.

ಮೂರನೆಯ ದಿನ ದಿವಾರ್. ಅವ್ವನಿಗೆ ಫೆರಿ ಎಷ್ಟು ಹಿಡಿಸಿತು ಎಂದರೆ, ದುಡ್ಡಿಲ್ಲ ಎಂದು ತಿಳಿದ ಮೇಲೆ ಸುಮ್ನೆ ಇನ್ನೊಂದು ಸಲ ಆಚೆ ಈಚೆ ಹೋಗಿ ಬಂದರು. ರೊಟ್ಟಿ, ಶೇಂಗಾ ಚಟ್ನಿಯನ್ನು ಗದ್ದೆಯ ಒಡ್ಡಿನ ಮೇಲೆ ಕೂತು ತಿಂದೆವು. ಚಾಪೆಲ್‌ನಲ್ಲಿ ಅಪ್ಪ ಕತ್ತೆತ್ತಿದವರು ಇಳಿಸಲೇ ಇಲ್ಲ. ಮಗ ತನ್ನ ಮೊಬೈಲಿನ ಟಾರ್ಚ್ ಹಿಡಿದು ನಿಂತಿದ್ದ, ಯಾರೂ ಹೇಳದೆ. ಆಮೇಲೆ ನಾರ್ವೆ ಫೆರಿ ದಾಟಿ ಸಪ್ತಕೋಟೀಶ್ವರನನ್ನೂ ನೋಡಿದೆವು.

ಮ್ಯೂಸಿಯಂ ಮಾತ್ರ ಆಗಲಿಲ್ಲ. ಇಷ್ಟು ಹೇಳಿದ್ದರೂ ಲೆಕ್ಕ ತಪ್ಪಿತು, ಆ ದಿನ ಶುಕ್ರವಾರ. ಬೀಗ ನೋಡಿ ಅಪ್ಪ ಹದಿನೈದು ನಿಮಿಷ ಮಾತಾಡಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಬರುತ್ತಾರಂತೆ, ಆ ಹಡಗಿನ ವೀರಗಲ್ಲು ನೋಡಲು. ಈ ಸಲ ಟಿಕೆಟ್ ಅವರೇ ಮಾಡಿಸಿದ್ದಾರೆ, ಶನಿವಾರಕ್ಕೆ.