‘ಸಮ್‌ಥಿಂಗ್ಸ್ ಗಾಟಾ ಗಿವ್’: ಜೂಲಿಯನ್ ಏಕೆ ಹಿಂದೆ ಸರಿಯುತ್ತಾನೆ?

ಪ್ರಶ್ನೆ:
ನ್ಯಾನ್ಸಿ ಮೇಯರ್ಸ್ ಬರೆದು ನಿರ್ದೇಶಿಸಿದ 2003ರ ಈ ಚಿತ್ರವನ್ನು ಇತ್ತೀಚೆಗೆ ನೋಡಿದೆ. ಅರವತ್ತು ದಾಟಿದ ಹ್ಯಾರಿಗೂ (ಜ್ಯಾಕ್ ನಿಕೋಲ್ಸನ್) ಐವತ್ತು ದಾಟಿದ ನಾಟಕಕಾರ್ತಿ ಎರಿಕಾಗೂ (ಡಯೇನ್ ಕೀಟನ್) ನಡುವೆ ಒಲವು ಬೆಳೆಯುವ ಬಗೆ ನನಗೆ ಒಪ್ಪಿಗೆಯಾಯಿತು. ಆದರೆ ಬಹುಕಾಲ ಮೂವತ್ತರೊಳಗಿನ ಹೆಣ್ಣುಗಳ ಸಂಗವನ್ನೇ ಬಯಸಿದ ಹ್ಯಾರಿ, ಎರಿಕಾಳನ್ನು ಕೈಯಾರೆ ಕಳೆದುಕೊಂಡ ಮೇಲೆ, ಆಕೆಯ ಬಳಿಗೆ ಹೋಗುವುದನ್ನು ಬಿಟ್ಟು ಹಳೆಯ ಗೆಳತಿಯರನ್ನು ಹುಡುಕಿಕೊಂಡು ಹೊರಡುವುದೇಕೆ? ಅದಕ್ಕಿಂತಲೂ ಹೆಚ್ಚಾಗಿ, ಎರಿಕಾಳನ್ನು ಮನಸಾರೆ ಮೆಚ್ಚಿ ಪ್ಯಾರಿಸ್‌ವರೆಗೂ ಜೊತೆಯಾಗಿ ಬಂದ ಯುವ ವೈದ್ಯ ಜೂಲಿಯನ್ (ಕೀಯಾನು ರೀವ್ಸ್) ಒಂದೇ ರಾತ್ರಿಯಲ್ಲಿ ಆಕೆಯನ್ನು ಬಿಟ್ಟುಕೊಡುವುದೇಕೆ?

ಉತ್ತರ 1:
ಹ್ಯಾರಿಯ ವಿಷಯದಲ್ಲಿ ಚಿತ್ರ ಸಾಕಷ್ಟು ಸುಳಿವು ಕೊಟ್ಟಿದೆ. ಮೊದಲು ಆದದ್ದು ನಿಜವಾದ ಹೃದಯಾಘಾತ. ಎರಿಕಾ ದೂರವಾದ ಮೇಲೆ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದಾಗ ಅದು ಪ್ಯಾನಿಕ್ ಅಟ್ಯಾಕ್ ಎಂದು ತಿಳಿಯುತ್ತದೆ. ಅಂದರೆ, ಅವನ ಮನಸ್ಸು ಒಪ್ಪದ ಮಾತನ್ನು ದೇಹವೇ ಮೊದಲು ಹೇಳಿಬಿಡುತ್ತದೆ. ಇದರ ಜೊತೆಗೆ, ತನ್ನನ್ನೇ ಹೋಲುವ ಪಾತ್ರವನ್ನು ಎರಿಕಾ ತನ್ನ ನಾಟಕದಲ್ಲಿ ಸಾಯಿಸಿದ್ದಾಳೆಂಬುದೂ ಅವನಿಗೆ ಗೊತ್ತಾಗುತ್ತದೆ. ಹೆಣ್ಣುಗಳ ಕಣ್ಣಿಗೆ ತಾನು ಎಂಥವನಾಗಿ ಕಂಡಿದ್ದೇನೆ ಎಂಬ ಪ್ರಶ್ನೆ ಅವನಿಗೆ ಹುಟ್ಟುವುದು ಇಂಥ ಹೊತ್ತಿನಲ್ಲಿ. ಅದನ್ನು ಎರಿಕಾಳ ಮುಂದಿಡುವ ಧೈರ್ಯ ಇಲ್ಲದ್ದರಿಂದ ಉಳಿದವರ ಬಾಗಿಲು ತಟ್ಟುತ್ತಾನೆ. ಇದನ್ನು ಪಶ್ಚಾತ್ತಾಪವೆನ್ನುವುದಕ್ಕಿಂತ ಭಯ ಎನ್ನುವುದೇ ಸರಿ.

ಉತ್ತರ 2:
ಹ್ಯಾರಿಯ ಬಗ್ಗೆ ಮೇಲಿನ ಮಾತನ್ನು ಒಪ್ಪುತ್ತೇನೆ. ಜೂಲಿಯನ್ನನ ವಿಷಯದಲ್ಲಿ ಮಾತ್ರ ದೋಷ ಚಿತ್ರಕಥೆಯದು. ಕೊನೆಗೆ ಹ್ಯಾರಿಯೂ ಪ್ಯಾರಿಸ್ಸಿಗೆ ಬಂದು, ಮೂವರೂ ಒಟ್ಟಿಗೆ ಊಟಕ್ಕೆ ಕುಳಿತಾಗ ಎರಿಕಾಳ ಮನಸ್ಸು ಎತ್ತ ಇದೆಯೆಂದು ಅವನು ಕಂಡುಕೊಂಡಿರಬಹುದು. ಆದರೆ ಅವನು ನಿರ್ಧಾರಕ್ಕೆ ಬರುವ ಗಳಿಗೆ ಪರದೆಯ ಮೇಲೆ ಇಲ್ಲವೇ ಇಲ್ಲ. ಸೇತುವೆಯ ಮೇಲೆ ಹ್ಯಾರಿಗೆ ಎರಿಕಾ ಹೇಳುವ ಮಾತಿನಿಂದಷ್ಟೇ ನಮಗೆ ವಿಷಯ ತಿಳಿಯುತ್ತದೆ. ತನಗಿಂತ ಬಹಳ ಹಿರಿಯಳಾದ ಹೆಣ್ಣನ್ನು ಯಾವ ಸಂಕೋಚವೂ ಇಲ್ಲದೆ ಪ್ರೀತಿಸುವ, ಇಂಥ ಚಿತ್ರಗಳಲ್ಲಿ ಅಪರೂಪವಾದ ಪಾತ್ರವನ್ನು ಸೃಷ್ಟಿಸಿ, ಕೊನೆಗೆ ಅವನ ನೋವಿಗೆ ಒಂದು ದೃಶ್ಯವನ್ನೂ ಕೊಡದಿರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಉತ್ತರ 3:
ಇಬ್ಬರೂ ಗಂಡಸರ ಉದ್ದೇಶವನ್ನೇ ಹುಡುಕುತ್ತಿದ್ದೀರಿ; ನನಗೆ ಗೊಂದಲ ಹುಟ್ಟಿಸುವವಳು ಎರಿಕಾ. ಅಳುತ್ತಳುತ್ತಲೇ ನಾಟಕ ಬರೆದು ಮುಗಿಸಿದವಳಿಗೆ, ತನ್ನೊಳಗೆ ಹ್ಯಾರಿ ಇನ್ನೂ ಉಳಿದಿದ್ದಾನೆಂಬುದು ತಿಳಿಯದೆ ಇರಲು ಸಾಧ್ಯವಿಲ್ಲ. ಹಾಗಿದ್ದೂ ಜೂಲಿಯನ್ನನ ಜೊತೆ ಮುಂದುವರಿಯುವುದಕ್ಕೆ ಕಾರಣ, ಆಯ್ಕೆಯಾಗುವ ಸುಖ ಆಕೆಗೆ ಬಹಳ ಕಾಲದ ಮೇಲೆ ದಕ್ಕಿದ್ದು ಎಂದುಕೊಳ್ಳುತ್ತೇನೆ. ಹೀಗೆ ನೋಡಿದರೆ ಜೂಲಿಯನ್ ಬಿಟ್ಟುಕೊಟ್ಟದ್ದು ಆಕೆ ಬಾಯಿಬಿಟ್ಟು ಹೇಳಲಾರದ ಮಾತನ್ನು ತಾನೇ ಹೇಳಿದಂತೆ.

ಪ್ರಶ್ನೆ ಕೇಳಿದವರು:
ಹ್ಯಾರಿಯ ಭಯದ ವಿವರಣೆ ನನಗೆ ಸಮಾಧಾನ ತಂದಿತು. ಎರಿಕಾಳ ಕುರಿತ ಮಾತೂ ಯೋಚಿಸುವಂಥದ್ದು. ಆದರೆ ಎರಡು ಗಂಟೆಗೂ ಹೆಚ್ಚು ಹೊತ್ತು ಓಡುವ ಚಿತ್ರದಲ್ಲಿ ಜೂಲಿಯನ್ನನಿಗೆ ಎರಡು ನಿಮಿಷ ಮೀಸಲಿಟ್ಟಿದ್ದರೆ, ಅದನ್ನು ನಾವು ಊಹಿಸಬೇಕಾಗಿ ಬರುತ್ತಿರಲಿಲ್ಲ.