ಅಮೆರಿಕದ ಕಚೇರಿಗೆ ಬೀಗ, ಊರಿಗೆ ಬಂದ ತಂಗಿ: ಪುಟ್ಟ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಲಿ?

ಪ್ರಶ್ನೆ (ಮಡಿಕೇರಿಯಿಂದ, ಅಕ್ಟೋಬರ್ 2025)
ನನ್ನ ತಂಗಿ ಅಮೆರಿಕದ ಕೇಂದ್ರ ಸರ್ಕಾರದ ಸಂಶೋಧನಾಲಯವೊಂದರಲ್ಲಿ ಮಳೆಯ ಅಧ್ಯಯನ ಮಾಡುತ್ತಾಳೆ. ತುಲಾ ಸಂಕ್ರಮಣಕ್ಕೆಂದು ಮೊದಲೇ ರಜೆ ಪಡೆದಿದ್ದಳು. ಅಷ್ಟರಲ್ಲಿ ಅಕ್ಟೋಬರ್ 1ರಿಂದ ಅಲ್ಲಿನ ಸರ್ಕಾರಿ ಕೆಲಸಗಳು ಸ್ಥಗಿತಗೊಂಡು, ಮಂಜೂರಾಗಿದ್ದ ರಜೆಯೂ ರದ್ದಾಗಿ, ಸಂಬಳವಿಲ್ಲದೆ ಮನೆಯಲ್ಲಿರಬೇಕೆಂಬ ಆದೇಶ ಬಂದಿತು. ಈಗ ಆರು ಮತ್ತು ಮೂರು ವರ್ಷದ ಮಕ್ಕಳೊಂದಿಗೆ ನಮ್ಮಲ್ಲಿದ್ದಾಳೆ. "ಅಮ್ಮನ ಆಫೀಸಿನ ಬೀಗದ ಕೈ ಕಳೆದುಹೋಯಿತಾ?" ಎಂದು ದೊಡ್ಡವನು ದಿನವೂ ಕೇಳುತ್ತಾನೆ. ಸಂಬಳ ಬೇಡ, ಸುಮ್ಮನೆ ಕೆಲಸ ಮಾಡುತ್ತೇನೆಂದರೂ ಏಕೆ ಬಿಡುವುದಿಲ್ಲ? ಹೆಚ್ಚು ಖರ್ಚಿಲ್ಲದೆ, ಜಿಗಣೆಯ ಕಾಟವಿಲ್ಲದೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬಹುದು?

ಉತ್ತರ 1 (ಕುಶಾಲನಗರದ ನಿವೃತ್ತ ಉಪನ್ಯಾಸಕ)
ಅಲ್ಲಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ. ಅಷ್ಟರೊಳಗೆ ಅಲ್ಲಿನ ಸಂಸತ್ತು ಖರ್ಚಿಗೆ ಒಪ್ಪಿಗೆ ಕೊಡದಿದ್ದರೆ ಇಲಾಖೆಗಳು ಹಣ ಮುಟ್ಟುವಂತಿಲ್ಲ. ಜೀವ ಮತ್ತು ಆಸ್ತಿಯ ರಕ್ಷಣೆಯಂತಹ ಕೆಲಸಗಳನ್ನು ಬಿಟ್ಟು ಉಳಿದವನ್ನು ಪುಕ್ಕಟೆಯಾಗಿ ಮಾಡುವುದನ್ನೂ ಆಂಟಿಡೆಫಿಷಿಯೆನ್ಸಿ ಆಕ್ಟ್ ಎಂಬ ಹಳೆಯ ಕಾನೂನು ನಿಷೇಧಿಸುತ್ತದೆ. ಹೀಗಾಗಿ ಹವಾಮಾನ ಮುನ್ಸೂಚನೆ ಕೊಡುವವರು ಸಂಬಳವಿಲ್ಲದೆ ದುಡಿಯುತ್ತಾರೆ, ಅದೇ ಹವಾಮಾನದ ಸಂಶೋಧಕರಲ್ಲಿ ಅನೇಕರು ಮನೆಯಲ್ಲಿ ಕೂರುತ್ತಾರೆ. ನಮ್ಮಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ. ಅಲ್ಲಿ ಸರ್ಕಾರ ಉಳಿಯುತ್ತದೆ, ಕಚೇರಿ ಮುಚ್ಚುತ್ತದೆ. 2018ರ ಡಿಸೆಂಬರಿನಿಂದ 35 ದಿನ ಹೀಗೆಯೇ ನಡೆದಾಗ, ಅದು ಮುಗಿಯುವ ಮೊದಲೇ, 2019ರ ಜನವರಿಯಲ್ಲಿ ಬಾಕಿ ಸಂಬಳ ಕೊಡಲೇಬೇಕೆಂಬ ಕಾನೂನು ಬಂದಿತು. ಗುತ್ತಿಗೆಯವರಿಗೆ ಆ ಭರವಸೆಯಿಲ್ಲ.

ಉತ್ತರ 2 (ಸುಂಟಿಕೊಪ್ಪದ ಕಾಫಿ ಬೆಳೆಗಾರ್ತಿ)
ಮೂರು ವರ್ಷದ ಮಗುವಿರುವಾಗ ಮಾಂದಲಪಟ್ಟಿಯ ಜೀಪಿನ ದಾರಿ ಖಂಡಿತ ಬೇಡ. ಕಾವೇರಿ ನಿಸರ್ಗಧಾಮಕ್ಕೆ ಹೋಗಿ. ತೂಗುಸೇತುವೆ, ಬಿದಿರು ಮೆಳೆ, ಜಿಂಕೆಗಳು ಇಷ್ಟರಲ್ಲೇ ಅರ್ಧ ದಿನ ಕಳೆಯುತ್ತದೆ. ದುಬಾರೆಯ ಆನೆ ಶಿಬಿರಕ್ಕೆ ಹೋಗುವುದಾದರೆ, ಹೊಳೆ ಏರಿದ್ದರೆ ದಾಟಿಸುವ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಯೇ ಹೊರಡಿ. ಮಳೆ ವಿಜ್ಞಾನಿಯ ಮಕ್ಕಳಾದ್ದರಿಂದ ಒಂದು ಮಾತು: ಯಾವುದಾದರೂ ತೋಟಕ್ಕೆ ಬೆಳಿಗ್ಗೆ ಕರೆದುಕೊಂಡು ಹೋಗಿ, ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಎಂದು ಪುಸ್ತಕದಲ್ಲಿ ಬರೆಯುವುದನ್ನು ತೋರಿಸಿ. ನಮ್ಮ ಮಾವ ಮಗಳ ಮದುವೆಯ ದಿನವೂ ಅದನ್ನು ತಪ್ಪಿಸಿದವರಲ್ಲ.

ಪ್ರಶ್ನೆ ಕೇಳಿದವರು (ನವೆಂಬರ್)
ಇಬ್ಬರಿಗೂ ಧನ್ಯವಾದಗಳು. 43 ದಿನಗಳ ನಂತರ, ನವೆಂಬರ್ 12ರಂದು ಸ್ಥಗಿತ ಮುಗಿದು ತಂಗಿ ಹಿಂದಿರುಗಿದ್ದಾಳೆ. ತೂಗುಸೇತುವೆಯ ನಡುವೆ ಚಿಕ್ಕವಳು ಅತ್ತು ಎಲ್ಲರನ್ನೂ ನಿಲ್ಲಿಸಿದಳು; ಮಕ್ಕಳಿಗೆ ನಿಜವಾಗಿ ಹಿಡಿಸಿದ್ದು ಮಳೆಮಾಪಕವೇ. ಮಳೆ ಬಾರದ ದಿನ ಸಾಲನ್ನು ಖಾಲಿ ಬಿಡಬಾರದು, ಸೊನ್ನೆ ಬರೆಯಬೇಕು, ಖಾಲಿ ಎಂದರೆ ಯಾರೂ ನೋಡಲಿಲ್ಲ ಎಂದರ್ಥ ಎಂದು ತಂಗಿ ಮಗನಿಗೆ ಹೇಳಿಕೊಟ್ಟಳು. ತನ್ನ ದಾಖಲೆಯಲ್ಲಿ ಖಾಲಿ ಉಳಿಯುವ ವಾರಗಳ ಬಗ್ಗೆ ಆಗಲೇ ಮೊದಲ ಬಾರಿ ನನ್ನೊಡನೆ ಮಾತನಾಡಿದಳು. ಈಗ ಅವನು ಅಲ್ಲಿಂದ ಫೋನ್ ಮಾಡಿ, "ದೊಡ್ಡಮ್ಮ, ಇವತ್ತು ಸೊನ್ನೆ ಬರೆದಿರಾ?" ಎಂದು ಕೇಳುತ್ತಾನೆ.